ಮೀನಕ್ಕನ ಸ್ಟೂಲು

ನನ್ನ ನಾದಿನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಾನು "ಮೀನು ನೋಡುವುದು" ಎನ್ನುತ್ತೇನೆ. ಕೇಳಿದವರು ನಗುತ್ತಾರೆ. "ಸಾಕೋದಾ, ಮಾರೋದಾ?" ಎನ್ನುತ್ತಾರೆ. ಎರಡೂ ಅಲ್ಲ, ಬರೀ ನೋಡುವುದು ಎಂದರೆ ನನಗೇ ಏನೋ ಆಗಿದೆ ಎಂಬಂತೆ ನನ್ನ ಮುಖ ನೋಡುತ್ತಾರೆ. ಅವರದೇನೂ ತಪ್ಪಿಲ್ಲ. ಕಣ್ಣಾರೆ ಕಾಣುವ ತನಕ ನನಗೂ ಅದು ತಲೆಗೆ ಹೋಗಿರಲಿಲ್ಲ.

ನಮ್ಮ ಊರಿಗೆ ಕುಡಿಯುವ ನೀರು ಕೊಡುವುದು ಒಂದು ಕಂಪನಿ. ಅದರ ಪಂಪ್‌ಹೌಸು ನದಿಯ ದಡದಲ್ಲಿದೆ. ನದಿಯ ನೀರು ಒಂದು ದೊಡ್ಡ ಕಬ್ಬಿಣದ ಗೇಟಿನ ಅಡಿಯಿಂದ ಒಳಗೆ ಬರುತ್ತದೆ. ಅಲ್ಲಿಂದ ಕೆಸರು ಇಳಿಯುವ ಕೊಳಗಳಿಗೆ, ಆಮೇಲೆ ಮರಳಿನ ಹಾಸುಗಳ ಮೂಲಕ ಸೋಸಿ ಗುಡ್ಡದ ಮೇಲಿನ ಟ್ಯಾಂಕಿಗೆ, ಕೊನೆಗೆ ಮನೆಮನೆಯ ನಲ್ಲಿಗೆ. ಗೇಟಿನ ಪಕ್ಕದಲ್ಲಿ ಒಂದು ಚಿಕ್ಕ ಕೋಣೆ. ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಒಂದು ಗಾಜಿನ ತೊಟ್ಟಿ. ಒಳಗೆ ಬರುವ ನೀರಿನಲ್ಲಿ ಸ್ವಲ್ಪ ಪಾಲು ಈ ತೊಟ್ಟಿಯನ್ನು ಹಾಯ್ದು ಹೋಗುತ್ತದೆ. ಅದರಲ್ಲಿ ಬೆರಳುದ್ದದ ಮೀನುಗಳು ಹರಿವಿಗೆ ಮುಖ ಕೊಟ್ಟು, ಬಾಲವನ್ನಷ್ಟೇ ಅಲ್ಲಾಡಿಸುತ್ತ, ನಿಂತಲ್ಲೇ ಈಜುತ್ತಿರುತ್ತವೆ. ತೊಟ್ಟಿಯ ಮುಂದೆ ಒಂದು ಮರದ ಸ್ಟೂಲು. ಸ್ಟೂಲಿನ ಮೇಲೆ ನನ್ನ ನಾದಿನಿ. ಅವಳನ್ನು ಅಲ್ಲಿ ಎಲ್ಲರೂ ಮೀನಕ್ಕ ಎಂದೇ ಕರೆಯುತ್ತಾರೆ.

ಮೀನುಗಳು ಹರಿವಿಗೆ ಮುಖ ಕೊಟ್ಟು ತಳದಲ್ಲಿದ್ದರೆ ನೀರು ಚೆನ್ನಾಗಿದೆ ಎಂದು ಅರ್ಥ. ಅವು ಮೇಲಕ್ಕೆ ಬಂದು ಬಾಯಿ ಬಾಯಿ ಬಿಟ್ಟರೆ, ಇಲ್ಲವೇ ಪಕ್ಕಕ್ಕೆ ವಾಲಿದರೆ ನದಿಯಲ್ಲಿ ಏನೋ ಬೆರೆತಿದೆ. ಆಗ ಗೋಡೆಯ ಕೆಂಪು ಬಟನ್ ಒತ್ತಬೇಕು, ಗೇಟು ಇಳಿಯುತ್ತದೆ. ಮೇಲಿನ ಕಟ್ಟಡದಲ್ಲಿ ನೀರು ಅಳೆಯುವ ಯಂತ್ರಗಳೂ ಇವೆ. "ಹಾಗಿದ್ರೆ ಮೀನು ಯಾಕೆ?" ಎಂದು ನಾನು ಕೇಳಿದ್ದೆ.

"ಮಿಷನ್‌ಗೆ ಏನು ಹುಡುಕು ಅಂತ ಹೇಳಿರ್ತೀವೋ ಅದನ್ನ ಹುಡುಕುತ್ತೆ ಅತ್ತಿಗೆ. ಮೀನಿಗೆ ನಾವು ಏನೂ ಹೇಳಿಲ್ಲ. ಅದಕ್ಕೆ ಎಲ್ಲಾ ಗೊತ್ತಾಗುತ್ತೆ" ಎಂದಳು.

ಅವಳು ನನ್ನ ಯಜಮಾನರ ತಂಗಿ, ಮದುವೆಯಾಗಲಿಲ್ಲ. ಚಿಕ್ಕವಳಿದ್ದಾಗ ಇರುವೆ ಸಾಲು ನೋಡುತ್ತ ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲವಂತೆ. ನಮ್ಮತ್ತೆ "ಇದನ್ನ ಕಟ್ಕೊಂಡು ಯಾರು ಬಾಳ್ತಾರೋ" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು. ಕಂಪನಿಗೆ ಸೇರಿದ್ದು ಲ್ಯಾಬಿನ ಶೀಸೆ ತೊಳೆಯುವುದಕ್ಕೆ. ಹೋಗುತ್ತ ಬರುತ್ತ ಮೀನಿನ ಕೋಣೆಯ ಬಾಗಿಲಲ್ಲಿ ನಿಂತುಬಿಡುತ್ತಿದ್ದಳು. ಆಗ ಸ್ಟೂಲಿನ ಮೇಲೆ ಕೂರುತ್ತಿದ್ದ ಮುದುಕರು ನಿವೃತ್ತರಾಗುವಾಗ, "ಇವಳನ್ನೇ ಕೂರಿಸಿ. ನಾನು ಸಂಬಳಕ್ಕೆ ನೋಡ್ತಿದ್ದೆ, ಇವಳು ಪುಕ್ಕಟೆ ನೋಡ್ತಾಳೆ" ಎಂದು ಹೇಳಿ ಹೋದರಂತೆ. ನನ್ನ ಯಜಮಾನರು ಹೋದ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ. ನಾನು ಡಬ್ಬಿ ಕಟ್ಟುತ್ತೇನೆ, ಅವಳು ಹೋಗಿ ನೋಡಿ ಬರುತ್ತಾಳೆ.

ಎರಡು ವರ್ಷದ ಹಿಂದೆ ಕಂಪನಿಗೆ ಒಬ್ಬರು ಹೊಸ ಅಧಿಕಾರಿ ಬಂದರು. ಹೆಣ್ಣುಮಗಳು, ತೆಳ್ಳಗೆ, ನಡೆದರೆ ಓಡಿದ ಹಾಗೆ. ಅವರ ಕೆಲಸಕ್ಕೆ ಇ.ಎಸ್.ಜಿ. ಎಂದು ಹೆಸರು. ಕಂಪನಿ ಪರಿಸರಕ್ಕೆ, ಸಮಾಜಕ್ಕೆ ಹೇಗೆ ನಡೆದುಕೊಳ್ಳಬೇಕು, ತನ್ನ ಆಡಳಿತವನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬ ಕಾರ್ಯನೀತಿ ಬರೆಯುವುದು. ಪಂಪ್‌ಹೌಸಿನ ಡ್ರೈವರಣ್ಣ ಮೊದಲ ದಿನವೇ ಆ ಮೂರು ಇಂಗ್ಲಿಷ್ ಅಕ್ಷರಕ್ಕೆ ಅರ್ಥ ಹಚ್ಚಿದ್ದ: "ಎಲ್ಲಾ ಸುಮ್ನೆ ಗಲಾಟೆ!" ಲಾರಿ ಓಡಿಸಿ ಓಡಿಸಿ ಸೊಂಟ ಕೆಟ್ಟಿದ್ದ ಅವನಿಗೆ ಕಂಪನಿಯವರು ಕೂರುವ ಕೆಲಸ ಕೊಟ್ಟಿದ್ದರು. ನಾದಿನಿ ರಜೆ ಹಾಕಿದರೆ ಸ್ಟೂಲಿಗೆ ಬದಲಿ ಅವನೇ. ಆದರೆ ಅವಳು ರಜೆ ಹಾಕಿದ್ದೇ ಅಪರೂಪ.

ಆ ಅಧಿಕಾರಿಯಮ್ಮ ಬಳಕೆದಾರರ ಸಮಿತಿ ಎಂದು ಒಂದು ಮಾಡಿ, ಬೀದಿಗೊಬ್ಬರನ್ನು ಕರೆದರು. ನಮ್ಮದು ಪೈಪು ಕೊನೆಯಾಗುವ ಬೀದಿ. ಎಲ್ಲರ ಬಿಂದಿಗೆ ತುಂಬಿದ ಮೇಲೆ ನಮ್ಮ ನಲ್ಲಿ ಕೆಮ್ಮುತ್ತದೆ. "ನೀವೇ ಮೊದಲು ಬರ್ಬೇಕಮ್ಮ" ಎಂದು ನನ್ನನ್ನೂ ಕೂರಿಸಿದರು. ನಾನು ಕಾರ್ಯನೀತಿ ಎಂದರೇನು ಎಂದು ಕೇಳಿದೆ.

"ಮೂರೇ ಪ್ರಶ್ನೆ ಅಮ್ಮ. ನದಿಗೆ ನಾವೇನು ಮಾಡ್ತಿದ್ದೀವಿ? ಜನಕ್ಕೆ ಏನು ಮಾಡ್ತಿದ್ದೀವಿ? ನಮ್ಮೊಳಗೆ ನಾವು ನೆಟ್ಟಗಿದ್ದೀವಾ? ಇದಕ್ಕೆ ಉತ್ತರ ಬರ್ದು ವರ್ಷಕ್ಕೊಂದ್ಸಲ ಊರಿನ ಮುಂದೆ ಇಡೋದು. ಚೆನ್ನಾಗಿರೋದೂ, ಚೆನ್ನಾಗಿಲ್ದೆ ಇರೋದೂ."

"ಚೆನ್ನಾಗಿಲ್ದೆ ಇರೋದನ್ನೂ ಬರೀತೀರಾ?"

"ಅದನ್ನೇ ಮೊದಲು."

ಒಂದು ಸಂಸಾರವೇ ತನ್ನ ಮನೆಯ ಹುಳುಕನ್ನು ಬೀದಿಗೆ ಹೇಳಿಕೊಳ್ಳುವುದಿಲ್ಲ, ಇಷ್ಟು ದೊಡ್ಡ ಕಂಪನಿ ಹೇಳಿಕೊಳ್ಳುತ್ತದೆಯೇ ಎಂದು ನನಗೆ ಬೆರಗಾಯಿತು.

ಅವರು ಮೀನಿನ ಕೋಣೆಗೂ ಬಂದರು. ನಾನು ಡಬ್ಬಿ ಕೊಡಲು ಹೋಗಿದ್ದೆ. ನನ್ನ ಕಣ್ಣಿಗೆ ಪೊರೆ ಬಂದಿತ್ತು. ತೊಟ್ಟಿಯಲ್ಲಿ ಬೆಳ್ಳಗೆ ಏನೋ ಮಿನುಗಿದ ಹಾಗೆ ಕಾಣುತ್ತಿತ್ತು, ಅಷ್ಟೆ. ಅಧಿಕಾರಿಯಮ್ಮ ಬಟನ್ ತೋರಿಸಿ, "ನೀವು ನೋಡಿದ ತಕ್ಷಣ ಒತ್ತಿಬಿಡ್ತೀರಾ?" ಎಂದು ಕೇಳಿದರು.

"ಇಲ್ಲ ಮೇಡಂ. ಮೊದಲು ದೊಡ್ಡ ಇಂಜಿನಿಯರ್ ಸಾರ್‌ಗೆ ಫೋನ್ ಮಾಡ್ಬೇಕು. ಅವರು ಬಂದು ನೋಡಿ ಒತ್ತು ಅಂದ್ರೆ ಒತ್ಬೇಕು. ಅದು ರೂಲು."

"ಅಷ್ಟರಲ್ಲಿ ನೀರು?"

ನಾದಿನಿ ಮೆಲ್ಲಗೆ ಹೇಳಿದಳು. ಹಿಂದೊಮ್ಮೆ ಮೇಲಿನ ಯಾವುದೋ ಕಾರ್ಖಾನೆಯಿಂದ ಬಣ್ಣದ ನೀರು ನದಿಗೆ ಬಂದಿತ್ತು. ಇಂಜಿನಿಯರ್ ಮೀಟಿಂಗಿನಲ್ಲಿದ್ದರು. ಅಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು, ಇಲ್ಲಿ ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿದವು. "ಬಕೆಟ್‌ನಲ್ಲಿ ಎತ್ತಿ ಹಾಕಿದ್ದು ನಾನೇ ಮೇಡಂ. ಆ ವಾರ ಊರಲ್ಲಿ ಎಷ್ಟು ಮಕ್ಕಳು ವಾಂತಿ ಮಾಡ್ಕೊಂಡ್ವು. ನನ್ನ ಬೆರಳು ಬಟನ್ ಹತ್ರಾನೇ ಇತ್ತು."

ಅಧಿಕಾರಿಯಮ್ಮ ಆ ಬೆರಳನ್ನೇ ನೋಡುತ್ತ ನಿಂತರು.

ಕಾರ್ಯನೀತಿಯಲ್ಲಿ ಏನೇನೋ ಬಂತು. ಬೇಸಿಗೆಯಲ್ಲಿ ನದಿಯ ಪಾಲಿನ ನೀರನ್ನು ನದಿಗೇ ಬಿಡುವುದು, ಕೊನೆಯ ಬೀದಿಗೂ ಬೆಳಗ್ಗೆಯೇ ನೀರು ಹಾಯಿಸುವುದು, ಹೀಗೆ. ಆಡಳಿತ ಎಂಬ ಭಾಗದಲ್ಲಿ ಮೊದಲ ಮಾತೇ ಬಟನಿನದು. ಸ್ಟೂಲಿನ ಮೇಲೆ ಕೂತವರು ಯಾರನ್ನೂ ಕೇಳದೆ ಗೇಟು ಇಳಿಸಬಹುದು, ನೀರು ಕೆಟ್ಟಿದೆಯೆಂಬ ಭಯಕ್ಕೆ ಇಳಿಸಿದ್ದು ತಪ್ಪಾಗಿದ್ದರೂ ಅವರಿಗೆ ಶಿಕ್ಷೆಯಿಲ್ಲ. ದೊಡ್ಡ ಇಂಜಿನಿಯರ್ ಒಪ್ಪಲಿಲ್ಲ. ಅವರೇನೂ ಕೆಟ್ಟವರಲ್ಲ. "ಊರಲ್ಲಿ ಆಸ್ಪತ್ರೆ ಇದೆ, ಎಲ್ಲಾದ್ರೂ ಬೆಂಕಿ ಬಿದ್ರೆ ನೀರು ಬೇಕು. ಒಬ್ಬರ ಕಣ್ಣಿನ ಮೇಲೆ ಇಡೀ ಊರನ್ನ ಹೇಗೆ ನಿಲ್ಲಿಸೋದು?" ಎಂದರು. ಕೊನೆಗೆ ಒಂದು ವರ್ಷ ನಡೆಸಿ ನೋಡೋಣ, ಸರಿಯಿಲ್ಲದಿದ್ದರೆ ಹಳೆಯ ರೂಲೇ ಇರಲಿ ಎಂದು ತೀರ್ಮಾನವಾಯಿತು.

ಆ ದಿನ ನಾದಿನಿ ಮನೆಗೆ ಬಂದು ಕೈ ತೊಳೆದಳು, ಒರೆಸಿಕೊಂಡಳು, ತನ್ನ ತೋರುಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಭಾರ ಆಗಿದೆ ಅತ್ತಿಗೆ" ಎಂದಳು. ಅವಳ ಮುಖ ಮಾತ್ರ ಹಗುರವಾಗಿತ್ತು.

ಬೇಸಿಗೆ ಬಂತು. ನದಿ ಸೊರಗಿತು. "ಡಬ್ಬಿಗೆ ಒಂದು ತುಂಡು ಬ್ರೆಡ್ಡು ಜಾಸ್ತಿ ಹಾಕಿ ಅತ್ತಿಗೆ" ಎಂದಳು. ಸದ್ಯ, ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದಾಳಲ್ಲ ಎಂದು ನಾನು ಖುಷಿಪಟ್ಟು ದಪ್ಪ ತುಂಡನ್ನೇ ಹಾಕುತ್ತಿದ್ದೆ.

ಅದೇ ಬೇಸಿಗೆಯಲ್ಲಿ ನನ್ನ ಕಣ್ಣಿನ ಆಪರೇಷನ್ ಆಯಿತು. ಅವಳು ರಜೆ ಹಾಕಿ ನನ್ನ ಜೊತೆ ಬಂದಳು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಅವಳ ಕೈ ಹಿಡಿದು ಮಧ್ಯಾಹ್ನ ಮನೆಗೆ ಬಂದರೆ ಬೀದಿಯಲ್ಲಿ ಒಂದೇ ಗಲಾಟೆ. ಬರೀ ಬಿಂದಿಗೆಗಳ ಸದ್ದು.

"ಬಂದ್ರಾ? ನಿಮ್ಮ ಮೀನುಗಳಿಗೆ ಏನಾಗಿದೆಯಮ್ಮ? ಊರಿಗೆಲ್ಲ ನೀರು ನಿಲ್ಲಿಸಿದ್ದಾವೆ!" ಎಂದು ಎದುರುಮನೆಯವಳು ಕೂಗಿದಳು.

"ನನ್ನ ಅಂಗಡೀಲಿ ಒಬ್ಬರ ಮುಖದ ತುಂಬ ಸೋಪು ಹಚ್ಚಿ ಇಟ್ಟಿದ್ದೀನಿ. ಒಣಗಿ ಬಿರುಕು ಬಿಡ್ತಿದೆ. ಏನು ಮಾಡ್ಲಿ, ಮೀನನ್ನ ಕರ್ಕೊಂಡು ಬಂದು ನೆಕ್ಕಿಸ್ಲಾ?" ಇದು ಕ್ಷೌರದವನ ಸ್ವರ.

ನನ್ನ ಕೈ ಹಿಡಿದಿದ್ದ ನಾದಿನಿ ಹೆಜ್ಜೆ ಬಿರುಸು ಮಾಡಿದಳು. "ಡ್ರೈವರಣ್ಣ ಒತ್ತಿದ್ದಾನೆ. ಏನೋ ಬಂದಿದೆ ಅತ್ತಿಗೆ ನದಿಗೆ" ಎಂದವಳೇ ನನ್ನನ್ನು ಮಂಚದ ಮೇಲೆ ಕೂರಿಸಿ ಓಡಿದಳು.

ನಾನು ಕಣ್ಣು ಮುಚ್ಚಿ ಕೂತಿದ್ದೆ. ನಲ್ಲಿಯಲ್ಲಿ ಸದ್ದಿಲ್ಲ, ಪಕ್ಕದ ಮನೆಯ ತೊಟ್ಟಿಯಲ್ಲಿ ಸದ್ದಿಲ್ಲ. ಊರಿನಲ್ಲಿ ಇಷ್ಟು ದಿನ ಎಷ್ಟು ನೀರಿನ ಸದ್ದಿತ್ತು ಎಂದು ಅದು ನಿಂತ ಮೇಲೆಯೇ ನನಗೆ ಗೊತ್ತಾದದ್ದು. ಒಂದು ಬೆರಳು ಅದೆಲ್ಲವನ್ನೂ ನಿಲ್ಲಿಸಿತ್ತು.

ಆದರೆ ನದಿಗೆ ಏನೂ ಬಂದಿರಲಿಲ್ಲ. ಲ್ಯಾಬಿನವರು ಒಂದು ಸಲಕ್ಕೆ ಎರಡು ಸಲ ಪರೀಕ್ಷೆ ಮಾಡಿದರು. ನೀರು ಚೊಕ್ಕವಾಗಿತ್ತು. ಗೇಟು ಎತ್ತಿದರು. ನಮ್ಮ ಬೀದಿಗೆ ನೀರು ಬಂದದ್ದು ಮಾರನೆಯ ದಿನ.

ಎಲ್ಲರೂ ಡ್ರೈವರಣ್ಣನ ಮೇಲೆ ಬಿದ್ದರು. "ಮೀನು ಆಕಳಿಸಿದ್ರೆ ಊರು ಬಂದ್ ಮಾಡ್ತೀಯಾ?" "ಕಣ್ಣಿಗೆ ನಿದ್ದೆ ಹತ್ತಿತ್ತೇನೋ?" ಎಲ್ಲರನ್ನೂ ಗೇಲಿ ಮಾಡುತ್ತಿದ್ದವನು ಬಾಯಿ ಹೊಲಿದುಕೊಂಡ. "ಬಂದಿದ್ವು ಮೀನಕ್ಕ. ಎಲ್ಲಾ ಮೇಲಕ್ಕೆ ಬಂದು ಬಾಯಿ ಬಿಡ್ತಿದ್ವು. ನೀನೇ ಹೇಳಿಕೊಟ್ಟಿದ್ಯಲ್ಲ, ಹಾಗೇ. ನನ್ನ ಮಕ್ಕಳಾಣೆ" ಎಂದು ನಾದಿನಿಗೆ ಹೇಳಿದನಂತೆ. ದೊಡ್ಡ ಇಂಜಿನಿಯರ್ ಸಮಿತಿಯ ಸಭೆ ಕರೆದರು. ಹೊಸ ರೂಲು ತೆಗೆಯಬೇಕು, ನಿದ್ದೆಗಣ್ಣಿನಲ್ಲಿ ಒತ್ತಿದನೇ ಎಂದು ಡ್ರೈವರನನ್ನು ವಿಚಾರಣೆಗೆ ಕರೆಯಬೇಕು ಎಂದು ಸಭೆಯ ಮುಂದಿಡುವವರಿದ್ದರು. ಮೀನಿನ ಕೋಣೆ, ಸ್ಟೂಲು ಮಾತ್ರ ಹಾಗೇ ಇರುತ್ತವಂತೆ.

ಆ ಸಂಜೆ ನಾದಿನಿ ಪಾತ್ರೆ ತೊಳೆಯುತ್ತಿದ್ದಳು. ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು.

"ಅತ್ತಿಗೆ, ಬಟನ್ ಒತ್ತಿದ್ದು ಡ್ರೈವರಣ್ಣ ಅಲ್ಲ. ನಾನು."

"ನೀನು ನನ್ನ ಜೊತೆ ಆಸ್ಪತ್ರೇಲಿ ಇದ್ಯಲ್ಲೇ!"

"ನಾನು ಅಲ್ಲಿದ್ದೆ. ಕೋಟು ಸ್ಟೂಲಿನ ಹತ್ರ ಇತ್ತು."

ಮೀನಿನ ಕೋಣೆಯ ಮೊಳೆಗೆ ಕಂಪನಿಯ ನೀಲಿ ಕೋಟೊಂದು ತೂಗುಬಿದ್ದಿರುತ್ತದೆ. ಸ್ಟೂಲಿನ ಮೇಲೆ ಯಾರು ಕೂತರೂ ಅದನ್ನು ತೊಟ್ಟೇ ಕೂರಬೇಕು. ಮೀನುಗಳಿಗೆ ಆಹಾರ ಹಾಕುವುದು ಲ್ಯಾಬಿನವರು. ಅದೂ ಗೋಡೆಯ ಹಿಂದಿನಿಂದ, ಕೊಳವೆಯ ಮೂಲಕ, ಸಂಜೆ. ನೋಡುವವರು ಕೈಯಾರೆ ಏನೂ ಹಾಕಬಾರದು ಎಂದು ಕಟ್ಟುನಿಟ್ಟು. ಬೇಸಿಗೆಯಲ್ಲಿ ಮೀನುಗಳು ಬಡವಾಗಿವೆ ಎಂದು ಇವಳಿಗೆ ಅನ್ನಿಸಿದೆ. ಬೆಳಗ್ಗೆ ಹೋಗಿ ಕೋಟು ತೊಟ್ಟವಳೇ ನನ್ನ ಬ್ರೆಡ್ಡಿನ ತುಂಡನ್ನು ಪುಡಿಮಾಡಿ ನೀರಿಗೆ ಉದುರಿಸುತ್ತಿದ್ದಳು. ಅವು ಮೇಲೆ ಬಂದು ತಿಂದು ಮತ್ತೆ ಕೆಳಗೆ ಹೋಗುತ್ತಿದ್ದವು. ತಿನ್ನಲು ಬಂದದ್ದಲ್ಲವೇ ಎಂದುಕೊಂಡು ಇವಳು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ರಜೆ ಮುಗಿಸಿ ಹೋದ ದಿನ ಕೋಟು ತೊಟ್ಟಿದ್ದಾಳೆ, ಇನ್ನೂ ಡಬ್ಬಿ ತೆಗೆದಿಲ್ಲ. ಅಷ್ಟರಲ್ಲಿ ಎಲ್ಲವೂ ಮೇಲೆ ಬಂದು ಬಾಯಿ ಬಿಟ್ಟು ನಿಂತಿವೆ. ಆಗ ಅವಳಿಗೆ ಹೊಳೆದಿದೆ. ಅದೇ ಕೋಟು ತೊಟ್ಟ ಡ್ರೈವರಣ್ಣನಿಗೂ ಹೀಗೇ ಬಂದಿರುತ್ತವೆ. ಅವನು ಏನೂ ಹಾಕಲಿಲ್ಲ, ಅವು ಇಳಿಯಲಿಲ್ಲ.

"ಯಾರಿಗೆ ಗೊತ್ತು ಇದು?" ಎಂದೆ.

"ನಿಮಗೆ, ನನಗೆ, ಮೀನಿಗೆ."

"ಹೇಳಿದ್ರೆ?"

"ಸ್ಟೂಲು ಹೋಗುತ್ತೆ."

"ಹೇಳದೆ ಇದ್ರೆ?"

"ಸ್ಟೂಲು ಇರುತ್ತೆ. ಪಾಪ, ಅವನು ಬೈಸ್ಕೋತಾನೆ. ರೂಲು ಹೋಗುತ್ತೆ. ಮತ್ತೆ ಎಂದಾದ್ರೂ ಬಣ್ಣದ ನೀರು ಬರುತ್ತೆ, ನಾನು ಫೋನ್ ಹಿಡ್ಕೊಂಡು ನಿಂತಿರ್ತೀನಿ." ಲೋಟವನ್ನು ಬೋರಲು ಹಾಕಿ ಸೆರಗಿಗೆ ಕೈ ಒರೆಸಿಕೊಂಡಳು. ಆ ಸ್ಟೂಲು ಬಿಟ್ಟರೆ ಅವಳಿಗೆ ಈ ಲೋಕದಲ್ಲಿ ತನ್ನದೆನ್ನುವ ಜಾಗವೇ ಇರಲಿಲ್ಲ. ಏನು ಮಾಡಲಿ ಎಂದು ಅವಳು ನನ್ನನ್ನು ಕೇಳಲಿಲ್ಲ.

ಸಭೆಯ ಹೊತ್ತಿಗೆ ನನ್ನ ಕಣ್ಣಿನ ಪಟ್ಟಿ ಬಿಚ್ಚಿದ್ದರು. ಉದ್ದ ಮೇಜು, ಎದುರುಬದುರು ಕುರ್ಚಿಗಳು. ಅಧಿಕಾರಿಯಮ್ಮನ ಮುಖ ಬಾಡಿತ್ತು. ಡ್ರೈವರಣ್ಣ ಗೋಡೆಗೆ ಒರಗಿ ನಿಂತಿದ್ದ. ಸೊಂಟ ನೋಯುತ್ತಿದ್ದರೂ ಕೂತಿರಲಿಲ್ಲ. ದೊಡ್ಡ ಇಂಜಿನಿಯರ್ ಮಾತು ಶುರುಮಾಡುವಷ್ಟರಲ್ಲಿ ಬಾಗಿಲ ಹತ್ತಿರದಿಂದ ನಾದಿನಿ, "ಸಾರ್, ಎಲ್ಲರೂ ಒಂದು ಗಳಿಗೆ ಮೀನಿನ ಕೋಣೆಗೆ ಬರ್ತೀರಾ? ಇಲ್ಲಿ ಹೇಳಿದ್ರೆ ನೀವು ನಂಬಲ್ಲ" ಎಂದಳು.

ಹೋದೆವು. ಕೋಣೆ ಚಿಕ್ಕದು, ಒಬ್ಬರ ಹೆಗಲಿಗೆ ಒಬ್ಬರು ತಾಗಿಕೊಂಡು ನಿಂತೆವು. ಆ ಮೀನುಗಳನ್ನು ನಾನು ಸರಿಯಾಗಿ ಕಂಡದ್ದು ಅಂದೇ. ಒಂದೊಂದು ಹುರುಪೆಯ ಅಂಚೂ ಬೇರೆ ಬೇರೆಯಾಗಿ ಹೊಳೆಯುತ್ತಿತ್ತು. ನದಿಯೇ ಬಂದು ಅವುಗಳ ಮುಖಕ್ಕೆ ತಾಗುತ್ತಿತ್ತು. ಅವು ಒಂದು ಕೂದಲೆಳೆಯೂ ಹಿಂದೆ ಸರಿಯದೆ ನಿಂತಿದ್ದವು. ನಾನು ಇಷ್ಟು ವರ್ಷ ಕುಡಿದ ನೀರನ್ನೆಲ್ಲ ಇವೇ ಮೊದಲು ಮೈಮೇಲೆ ತೆಗೆದುಕೊಂಡು, ಪರವಾಗಿಲ್ಲ, ಕುಡಿ ಎಂದು ಕಳಿಸಿದ್ದವು.

"ಡ್ರೈವರಣ್ಣ, ಮುಂದೆ ಬಾ. ಕೋಟು ಬೇಡ, ಹಾಗೇ ಬಾ" ಎಂದಳು. ಅವನು ಬಂದು ಬಗ್ಗಿ ನೋಡಿದ. ಮೀನುಗಳು ಅಲ್ಲಾಡಲಿಲ್ಲ.

"ಈಗ ಸಾರ್, ನೀವು ಇದನ್ನ ಹಾಕ್ಕೋತೀರಾ?" ಎಂದು ನೀಲಿ ಕೋಟನ್ನು ದೊಡ್ಡ ಇಂಜಿನಿಯರ್ ಮುಂದೆ ಹಿಡಿದಳು.

"ನಾನಾ?"

"ನಿಮಗಿಂತ ದೊಡ್ಡವರು ಇಲ್ಲಿ ಯಾರಿದ್ದಾರೆ ಸಾರ್. ಮೀನು ನಿಮ್ಮ ಮಾತಾದ್ರೂ ಕೇಳ್ಲಿ."

ಅವರು ಮುಜುಗರದಿಂದಲೇ ತೋಳು ತೂರಿಸಿದರು. ಕೋಟು ಬಿಗಿಯಾಗಿತ್ತು, ಗುಂಡಿ ಹತ್ತಲಿಲ್ಲ. ತೊಟ್ಟಿಯ ಮುಂದೆ ಬಂದು ನಿಂತರು. ನಿಂತದ್ದಷ್ಟೆ. ಎಲ್ಲ ಮೀನುಗಳೂ ಒಟ್ಟಿಗೆ ತಿರುಗಿದವು. ಹರಿವು ಬಿಟ್ಟು ಮೇಲಕ್ಕೆ ಎದ್ದವು. ದೊಡ್ಡ ಇಂಜಿನಿಯರ್ ಮುಖದ ಕೆಳಗೆ ಸಾಲಾಗಿ ಬಾಯಿ ಬಿಟ್ಟು, ಮುಚ್ಚಿ, ಬಿಟ್ಟು ನಿಂತವು.

ಇಂಜಿನಿಯರ್ ಒಂದು ಹೆಜ್ಜೆ ಎಡಕ್ಕೆ ಸರಿದರು, ಮೀನುಗಳೂ ಎಡಕ್ಕೆ ಬಂದವು. ಬಲಕ್ಕೆ ಸರಿದರು, ಬಲಕ್ಕೆ ಬಂದವು. ಆ ದೊಡ್ಡ ಮನುಷ್ಯರ ಬಾಯಿಯೂ ಮೀನಿನ ಹಾಗೆಯೇ ತೆರೆದುಕೊಂಡಿತ್ತು.

"ಅಯ್ಯೋ, ಇವಕ್ಕೆ ನಮ್ಮ ಸಾರ್ ಗುರುತು ಹತ್ತಿಬಿಡ್ತಲ್ಲ!" ಎಂದ ಡ್ರೈವರಣ್ಣ. ಎಷ್ಟೋ ದಿನದ ಮೇಲೆ ಅವನ ಬಾಯಲ್ಲಿ ಬಂದ ಮೊದಲ ತಮಾಷೆ. ಎಲ್ಲರೂ ನಕ್ಕರು. ನಾದಿನಿ ನಗಲಿಲ್ಲ.

"ಇದು ನಾನು ಮಾಡಿದ್ದು ಸಾರ್. ಬ್ರೆಡ್ಡು ಹಾಕಿ ಹಾಕಿ ಅಭ್ಯಾಸ ಮಾಡಿಸ್ದೆ. ಮೈ ಇಳಿದಿದೆ ಅಂತ ಕರುಳು ಚುರುಕ್ ಅಂತು. ಅವು ನೀರನ್ನ ನೋಡ್ಬೇಕು, ನನ್ನನ್ನಲ್ಲ. ಡ್ರೈವರಣ್ಣ ಕಂಡಿದ್ದು ಸುಳ್ಳಲ್ಲ, ಒತ್ತಿದ್ದೂ ಸರಿ. ಶಿಕ್ಷೆ ಏನಿದ್ರೂ ನನಗೆ ಕೊಡಿ. ರೂಲು ಮಾತ್ರ ತೆಗೀಬೇಡಿ."

ದೊಡ್ಡ ಇಂಜಿನಿಯರ್ ಕೋಟು ಬಿಚ್ಚಿ ಮಡಿಸಿದರು. ತುಂಬ ಹೊತ್ತು ಮಡಿಸಿದರು. "ಮೇಡಂ, ಇದನ್ನೂ ಊರಿನ ಮುಂದೆ ಬರೀತೀರಾ?" ಎಂದು ಅಧಿಕಾರಿಯಮ್ಮನನ್ನು ಕೇಳಿದರು.

"ಬರೀಲೇಬೇಕು ಸಾರ್."

"ನಾನು ಕೋಟು ಹಾಕ್ಕೊಂಡಿದ್ದೂ?"

"ಅದನ್ನೇ ಮೊದಲು" ಎಂದೆ ನಾನು. ಸಮಿತಿಯಲ್ಲಿ ನಾನು ಆಡಿದ ದೊಡ್ಡ ಮಾತು ಅದೊಂದೇ. ಅವರಿಗೂ ನಗು ತಡೆಯಲಿಲ್ಲ.

ಮೇಲೆ ಹೋಗಿ ಕೂತು ತೀರ್ಮಾನ ಮಾಡಿದರು. ಡ್ರೈವರಣ್ಣ ಕಂಡದ್ದಕ್ಕೆ ಒತ್ತಿದ್ದಾನೆ, ಅವನ ಮೇಲೆ ಏನೂ ಇಲ್ಲ. ರೂಲು ಉಳಿಯಿತು, ಒಂದು ವರ್ಷಕ್ಕಲ್ಲ, ಕಾಯಂ ಆಗಿ. ಒತ್ತಬೇಕಾದ ಕೈ ಹೆದರಿಕೊಂಡರೆ ಊರಿಗೆ ಕೆಟ್ಟದ್ದು ಎಂದು ದೊಡ್ಡ ಇಂಜಿನಿಯರೇ ಹೇಳಿದರು. ಕೋಟು ಹಾಕುವ ಪದ್ಧತಿ ಹೋಯಿತು. ಸ್ಟೂಲಿಗೆ ಸರದಿಯ ಮೇಲೆ ಬೇರೆ ಬೇರೆಯವರು ಬರಬೇಕು ಎಂದಾಯಿತು. ಈ ಮೀನುಗಳು ಮಾತ್ರ ಇನ್ನು ಕೆಲಸಕ್ಕೆ ಬರುವುದಿಲ್ಲ. ಅವನ್ನು ಅಂಗಳದ ಕೊಳಕ್ಕೆ ಬಿಟ್ಟು ಹೊಸ ಮೀನು ತರಬೇಕು. ಕೈಯಾರೆ ತಿನ್ನಿಸಿದ ತಪ್ಪಿಗೆ ನಾದಿನಿ ಮಳೆಗಾಲ ಮುಗಿಯುವ ತನಕ ಸ್ಟೂಲಿನ ಮೇಲೆ ಕೂರುವ ಹಾಗಿಲ್ಲ, ಲ್ಯಾಬಿನಲ್ಲಿ ಶೀಸೆ ತೊಳೆಯಬೇಕು. ಆಮೇಲೆ ನೋಡೋಣ ಎಂದರು.

ಮೀನುಗಳನ್ನು ಬಲೆಯಲ್ಲಿ ಎತ್ತಿ ಕೊಳಕ್ಕೆ ಬಿಟ್ಟವಳು ಅವಳೇ.

ಶೀಸೆ ತೊಳೆಯುವುದಕ್ಕೆ ಅವಳು ಮುಖ ಸಪ್ಪಗೆ ಮಾಡಲಿಲ್ಲ. ಕಂಪನಿ ವರ್ಷಕ್ಕೊಮ್ಮೆ ಊರಿನ ಮುಂದೆ ಇಡುವ ಪುಸ್ತಕ ಬಂತು. ಅದರಲ್ಲಿ ಗೇಟು ಇಳಿದದ್ದು, ನೀಲಿ ಕೋಟು, ಬ್ರೆಡ್ಡು ಎಲ್ಲ ಇತ್ತು. ಕ್ಷೌರದವನು ಅದನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿ ಬಂದವರಿಗೆಲ್ಲ ಕೇಳಿಸಿದ. "ಸೋಪು ಒಣಗಿದ್ದು ಬರ್ದಿಲ್ಲ ನೋಡಿ" ಎಂದು ಇವತ್ತಿಗೂ ದೂರುತ್ತಾನೆ.

ಮಳೆ ನಿಂತಿತು. ನದಿ ತಿಳಿಯಾಯಿತು. ಅಧಿಕಾರಿಯಮ್ಮ ಲ್ಯಾಬಿಗೆ ಬಂದು, "ಮೀನಕ್ಕ, ನಾಳೆ ನಿಮ್ಮ ಸರದಿ" ಎಂದು ಹೇಳಿ ಓಡಿಹೋದರಂತೆ. ಮಾರನೆಯ ದಿನ ನಾದಿನಿ ಸಂಜೆ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು.

"ಹೋದೆ ಅತ್ತಿಗೆ. ಕೂತೆ. ಹೊಸ ಮೀನು, ಸಣ್ಣವು. ಒಂದೂ ನನ್ನ ಕಡೆ ತಿರುಗಲಿಲ್ಲ."

"ಬೇಜಾರಾಯ್ತೇನೇ?"

ಅವಳು ಯೋಚಿಸಿದಳು. ಅವಳು ಯಾವುದಕ್ಕೂ ಯೋಚಿಸದೆ ಉತ್ತರ ಕೊಡುವವಳಲ್ಲ.

"ಎದ್ದು ನಿಂತೆ, ತಿರುಗಲಿಲ್ಲ. ಕೈ ಆಡಿಸ್ದೆ, ತಿರುಗಲಿಲ್ಲ. ನಾನು ಇದ್ದೀನಿ ಅಂತಾನೇ ಅವಕ್ಕೆ ಗೊತ್ತಿಲ್ಲ. ಬರೀ ನೀರು ನೋಡ್ತಿದ್ವು." ಅವಳ ಕಣ್ಣು ತುಂಬಿತ್ತು, ಮುಖವೆಲ್ಲ ನಗುತ್ತಿತ್ತು. "ಎಷ್ಟು ಚೆನ್ನಾಗಿ ನೋಡ್ತಿದ್ವು ಗೊತ್ತಾ ಅತ್ತಿಗೆ!"

ನಾನು ನಲ್ಲಿ ತಿರುಗಿಸಿ ಅವಳಿಗೆ ಒಂದು ಲೋಟ ನೀರು ಹಿಡಿದೆ, ನನಗೂ ಒಂದು ಹಿಡಿದುಕೊಂಡೆ. ಇಬ್ಬರೂ ನಿಂತುಕೊಂಡೇ ಕುಡಿದೆವು.